ಆವಿಗೆಯ ಕಾವು

"ಬುದ್ಧಿ, ಕಣ್ಣಿನ ಹಳದಿ ಹೋಯಿತು, ಹಸಿವೂ ಆಗುತ್ತಿದೆ. ಇನ್ನೂ ಯಾಕೆ ನನಗೆ ಈ ಪಥ್ಯ, ಈ ಸೆರೆ?" ಎಂದು ಶಿಷ್ಯ ಮರಿದೇವ ಗುರುಗಳನ್ನು ಕೇಳಿದ. ಊರಿನಲ್ಲಿ ತಾಯಿ ದಾರಿ ನೋಡುತ್ತಿದ್ದಳು. ಅವನು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಗಂಟನ್ನು ನೋಡಿ ನಕ್ಕರು. "ಕೂತುಕೋ ಮಾರಾಯ, ಒಂದು ಕತೆ ಕೇಳಿ ಹೋಗುವೆಯಂತೆ" ಎಂದು ಶುರು ಮಾಡಿದರು.

ಒಬ್ಬ ಕುಂಬಾರನಿದ್ದ. ಅವನಿಗೂ ನಿನ್ನ ಹಾಗೆಯೇ ಕಾಮಾಲೆ ಹಿಡಿಯಿತು. ವೈದ್ಯರು ಹೊಟ್ಟೆ ಒತ್ತಿ ನೋಡಿ, "ಯಕೃತ್ತು ಉರಿಯೂತದಿಂದ ಬಾತಿದೆ. ಪಾಪ, ಅದಕ್ಕೆ ಕೂಗಿ ಹೇಳಿಕೊಳ್ಳುವ ಬಾಯಿಲ್ಲ. ವಿಶ್ರಾಂತಿ ಕೊಡು. ಹೆಂಡ ಮುಟ್ಟಬೇಡ, ಕಂಡವರು ಕೊಟ್ಟ ಬೇರು ನಾರು ಕುಡಿಯಬೇಡ. ರಕ್ತ ಪರೀಕ್ಷೆ ಮಾಡಿ ನಾನು ಸರಿ ಎನ್ನುವ ತನಕ ಮನೆ ಬಿಟ್ಟು ಕದಲಬೇಡ" ಎಂದರು.

ಅದೇ ವಾರ ಮಗಳು ಹೆತ್ತಳು. ತವರಿನಲ್ಲಿ ಕಾಯಿಲೆಯೆಂದು ಬಾಣಂತನ ಗಂಡನ ಮನೆಯಲ್ಲೇ ಆಯಿತು. ಕುಂಬಾರನ ಜೀವವೆಲ್ಲ ಅಲ್ಲೇ. ಕೂಸಿನ ನೆತ್ತಿಯ ವಾಸನೆ ಹೇಗಿದ್ದೀತು, ಮೂಗು ಯಾರದು ಎಂದು ಹಗಲೆಲ್ಲ ಹಂಬಲಿಸಿದ. ಬೆಳಗಾದರೆ ಕನ್ನಡಿ ಹಿಡಿದು ಕಣ್ಣು ನೋಡಿಕೊಳ್ಳುತ್ತಿದ್ದ. ಒಂದು ದಿನ ಕಣ್ಣು ಬೆಳ್ಳಗಾಯಿತು. ಅಷ್ಟೇ, ಯಾರನ್ನೂ ಕೇಳದೆ ಹೊರಟು ನಿಂತ.

ಹೆಂಡತಿ ಮಡಕೆ ಸುಡುವ ಆವಿಗೆಗೆ ಕೈ ಹಾಕಿದಳು. ಕೂಸಿಗೆ ನೀರು ಕಾಯಿಸಲೆಂದು ಅವಳು ತಟ್ಟಿದ ಗಡಿಗೆ ಅದರಲ್ಲಿತ್ತು.

"ಲೇ ಹುಚ್ಚಿ!" ಎಂದು ಕುಂಬಾರ ಗದರಿದ. "ನಿನ್ನೆ ತಾನೇ ಸುಟ್ಟದ್ದು. ಮೇಲಿನ ಬೂದಿ ತಣ್ಣಗಾದರೆ ಒಳಗಿನ ಕಾವು ಆರಿತೇ? ಈಗ ತೆಗೆದರೆ ಗಡಿಗೆ ಬಿರಿಯುತ್ತದೆ."

"ಹಾಗಾದರೆ ಬರಿಗೈಯಲ್ಲಿ ಹೋಗುತ್ತೀರಾ?"

ಬರಿಗೈಯಲ್ಲೇ ಹೋದ. ಬೀಗರು ಸಂತೋಷಕ್ಕೆ ಹೆಂಡ ಸುರಿದರು. ಕೂಸು ತೊಡೆಯ ಮೇಲಿತ್ತು, ಬೇಡವೆನ್ನುವ ಮನಸ್ಸು ಬರಲಿಲ್ಲ. ನಾಲ್ಕನೆಯ ದಿನ ಅವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಕಣ್ಣು ಮೊದಲಿಗಿಂತ ಹಳದಿಯಾಗಿತ್ತು. ಅಂದೇ ಹೆಂಡತಿ ಆವಿಗೆ ತೆಗೆದಳು. ಗಡಿಗೆ ಇಡಿಯಾಗಿತ್ತು.

ಕುಂಬಾರ ವರ್ಷವೆಲ್ಲ ಹಾಸಿಗೆ ಹಿಡಿದ. ಮತ್ತೆ ಕೂಸಿನ ಮುಂದೆ ಕೈ ಚಾಚಿದಾಗ ಅದು ನಡೆಯುತ್ತಿತ್ತು. ಅಜ್ಜನ ಗುರುತು ಸಿಗದೆ ತಾಯಿಯ ಸೆರಗಿನ ಹಿಂದೆ ಅಡಗಿತು. ಅಯ್ಯೋ, ಆ ಮನುಷ್ಯ ಅಳುವುದನ್ನು ನೋಡಲಾಗುತ್ತಿರಲಿಲ್ಲ.

ಮರಿದೇವ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. "ಆದರೆ ಬುದ್ಧಿ, ಅಮ್ಮ ಕಾಯುತ್ತಿದ್ದಾಳೆ" ಎಂದ.

ಗುರುಗಳು ತಾವೇ ಗಂಟು ಬಿಚ್ಚುತ್ತ ಹೇಳಿದರು: "ಕಾಯಲಿ ಬಿಡು, ನಿನ್ನನ್ನು ಇಡಿಯಾಗಿ ನೋಡಲು ಒಂಬತ್ತು ತಿಂಗಳು ಕಾದವಳು ಅವಳು."