ಕೊನೆ ಹೇಳದ ಓಬಳೇಶ

ಮಧ್ಯದಲ್ಲಿ ಎದ್ದು ಹೋಗುವವರಿದ್ದರೆ ಈಗಲೇ ಎದ್ದು ಹೋಗಿಬಿಡಿ. 'ಮುಂದೇನಾಯ್ತು, ಮುಂದೇನಾಯ್ತು' ಅಂತ ಪಕ್ಕೆ ತಿವಿಯುವವರು ಸ್ವಲ್ಪ ದೂರ ಕೂತುಕೊಳ್ಳಿ. ಇದು ಪೆದ್ದನ ಕತೆ. ಅವನು ನಡೆದ ಹಾಗೆ ನಿಧಾನಕ್ಕೇ ನಡೆಯುತ್ತದೆ.

ಚಳ್ಳಕೆರೆ ಕಡೆ ಒಂದೂರು. ಆ ಊರಿಗೆ ಒಂದೇ ಟಾಕೀಸು. ಟಾಕೀಸಿನ ಎದುರಿಗೆ ತಿಪ್ಪಮ್ಮನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ತಿಪ್ಪಮ್ಮನಿಗೆ ಒಬ್ಬನೇ ಮಗ, ಓಬಳೇಶ. ವಯಸ್ಸು ಇಪ್ಪತ್ತೇಳು, ಮೈಕಟ್ಟು ಗಟ್ಟಿ, ಮನಸ್ಸು ಬೆಣ್ಣೆ, ತಲೆ ಮಾತ್ರ ದೇವರಿಗೇ ಪ್ರೀತಿ. ಈರುಳ್ಳಿ ಹೆಚ್ಚು ಅಂದರೆ ಹೆಚ್ಚುತ್ತಾನೆ, ಸಾಕು ಅನ್ನುವ ತನಕ ಹೆಚ್ಚುತ್ತಾನೆ. ಒಂದು ದಿನ ತಿಪ್ಪಮ್ಮ ಸಾಕು ಅನ್ನುವುದನ್ನು ಮರೆತು ಸಂತೆಗೆ ಹೋದಳು. ಬರುವಷ್ಟರಲ್ಲಿ ಒಂದು ಮೂಟೆ ಈರುಳ್ಳಿ ಮುಗಿದಿತ್ತು, ಬೀದಿಯವರೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ಗೋಳು.

ಇಂಥವನಿಗೂ ಒಂದು ಹೆಣ್ಣಿನ ಸುದ್ದಿ ಬಂತು. ಪಕ್ಕದ ತಾಲೂಕಿನ ಪಾಲಯ್ಯನ ಮಗಳು ಮಾರಕ್ಕ. ಈ ಪಾಲಯ್ಯನದು ಒಂದು ವಿಚಿತ್ರ. ಗಂಡಿಗೆ ಹೊಲ ಎಷ್ಟು, ಮನೆ ಎಷ್ಟು ಅಂತ ಕೇಳುವವನಲ್ಲ. ಈಚೆಗೆ ಯಾವ ಪಿಚ್ಚರ್ ನೋಡಿದೆ, ಹೆಂಗಿತ್ತು ಅಂತ ಅಷ್ಟೇ ಕೇಳುತ್ತಾನೆ. ನೋಡಿದ ಪಿಚ್ಚರಿನ ಬಗ್ಗೆ ನೆಟ್ಟಗೆ ನಾಲ್ಕು ಮಾತಾಡಲು ಬಾರದವನ ಜೊತೆ ಮಗಳು ಜೀವಮಾನವಿಡೀ ಏನು ಮಾತಾಡಿಯಾಳು ಅನ್ನುವುದು ಅವನ ವಾದ. ಆಗಲೇ ಮೂವರು ಗಂಡುಗಳನ್ನು ಬಂದ ದಾರಿಯಲ್ಲೇ ವಾಪಸ್ಸು ಕಳಿಸಿದ್ದ.

ತಿಪ್ಪಮ್ಮ ಹಟ ತೊಟ್ಟಳು. ತನಗೆ ಸೊಸೆ ಬೇಕು, ಮಗನಿಗೆ ಜೊತೆ ಬೇಕು, ಈ ಹೆಣ್ಣು ತಪ್ಪಿದರೆ ಇನ್ನೊಂದು ಹೆಣ್ಣು ಈ ಬಾಗಿಲಿಗೆ ಬರುವುದಿಲ್ಲ. ಹೆಣ್ಣು ನೋಡಲು ಇನ್ನೂ ಒಂದು ತಿಂಗಳಿದೆ. ದಿನಾ ಇಡೀ ಊರು ಅವಳ ಬಾಣಲೆಯ ಮುಂದೆ ನಿಂತು ಮೆಣಸಿನಕಾಯಿ ಕಡಿಯುತ್ತಾ ಪಿಚ್ಚರ್ ಹೆಂಗಿತ್ತು ಅಂತ ಹರಟುತ್ತದೆ. ಊರಿಗೆಲ್ಲ ಬರುವ ಮಾತು ತನ್ನ ಮಗನೊಬ್ಬನಿಗೆ ಬಾರದೇ ಹೋಗುತ್ತದೆಯೇ? ಕಲಿಸಿಯೇ ತೀರುತ್ತೇನೆ ಅಂದುಕೊಂಡಳು.

ಮೊದಲನೇ ವಾರ ಮಗನನ್ನು ಮ್ಯಾಟಿನಿಗೆ ಕಳಿಸಿದಳು. ಕಳಿಸುವಾಗ ಬುದ್ಧಿ ಹೇಳಿದಳು.

"ಕಣ್ಣು ಬಿಟ್ಕೊಂಡು ನೋಡು. ಹೆಂಗಿತ್ತು ಅಂತ ಯಾರಾದ್ರೂ ಕೇಳಿದ್ರೆ, ನೋಡಿದ್ದನ್ನ ನೋಡಿದಂಗೇ ಹೇಳು. ಒಂದೂ ಬಿಡಬ್ಯಾಡ."

ಓಬಳೇಶ ಹೋದ, ಕಣ್ಣು ಬಿಟ್ಟುಕೊಂಡು ನೋಡಿದ, ಬಂದ. ಅಂಗಡಿ ಮುಂದಿನ ಬೆಂಚಿನ ಮೇಲೆ ಗುರುಸಿದ್ದಪ್ಪ ಮೇಷ್ಟ್ರು ಬಸ್ಸಿಗೆ ಕಾಯುತ್ತಾ ಕೂತಿದ್ದರು. ಬಸ್ಸು ಬರಲು ಹತ್ತು ನಿಮಿಷ ಇದೆಯಲ್ಲ ಅಂತ, ಪಾಪ, ಪಿಚ್ಚರ್ ಹೆಂಗಿತ್ತೋ ಓಬಳೇಶ ಅಂದರು. ಓಬಳೇಶ ಪಕ್ಕದಲ್ಲಿ ಕೂತು ಶುರು ಮಾಡಿದ. ಮೊದಲು ಬೀಡಿ ಸೇದಬೇಡಿ ಅಂತ ತೋರಿಸಿದರು. ಆಮೇಲೆ ಸೀರೆ ಅಂಗಡಿ ತೋರಿಸಿದರು. ಮೇಲೆ ಹದಿನಾರು ಫ್ಯಾನು, ಅದರಲ್ಲಿ ಐದು ತಿರುಗಲ್ಲ. ಮುಂದಿನ ಸಾಲಿನಲ್ಲಿ ಬೋಳುತಲೆಯವನೊಬ್ಬ ಸೀನಿದ. ಆಮೇಲೆ ಒಬ್ಬ ಪೊಲೀಸು ಬಂದ. ಹೀಗೇ ಒಂದೂ ಬಿಡದೆ ಹೇಳುತ್ತಾ ಹೋದ. ಮೇಷ್ಟ್ರ ಬಸ್ಸು ಬಂತು, ನಿಂತಿತು, ಹೋಯಿತು. ಏಳಲು ಹೊರಟರೆ ಓಬಳೇಶ ಕೈ ಹಿಡಿದು ಕೂರಿಸುತ್ತಾನೆ, ಪೊಲೀಸಿನ ತಂಗಿ ಇನ್ನೂ ಬಂದಿಲ್ಲ ಅನ್ನುತ್ತಾನೆ. ಅರ್ಧ ಕತೆಗೆ ಬಂದವನೇ ಗಕ್ಕನೆ ಬಾಯಿ ಮುಚ್ಚಿದ. ಸದ್ಯ, ಮುಗಿಯಿತು ಅಂತ ಮೇಷ್ಟ್ರು ಚೀಲ ಎತ್ತಿಕೊಂಡರೆ ಮತ್ತೆ ಕೈ ಹಿಡಿದ.

"ಕೂತ್ಕಳ್ರಿ ಸಾರ್, ಇಂಟರ್ವಲ್ಲು."

ಹತ್ತು ನಿಮಿಷ ಸುಮ್ಮನೆ ಕೂತು ಕಡಲೆಕಾಯಿ ತಿಂದು, ಆಮೇಲೆ ಉಳಿದರ್ಧ ಹೇಳಿದ. ಅಷ್ಟರಲ್ಲಿ ಎರಡನೇ ಬಸ್ಸೂ ಹೋಗಿತ್ತು. ಮೇಷ್ಟ್ರು ಮಾರನೇ ದಿನದಿಂದ ಊರಾಚೆಯ ಸ್ಟಾಪಿಗೆ ನಡೆದು ಹೋಗಿ ಬಸ್ಸು ಹತ್ತತೊಡಗಿದರು.

ತಿಪ್ಪಮ್ಮ ಮಗನಿಗೆ ಚೆನ್ನಾಗಿ ಬೈದಳು. ಅಷ್ಟುದ್ದ ಹೇಳಬಾರದು, ಎರಡೇ ಮಾತು ಹೇಳಬೇಕು. ಹೆಂಗಿತ್ತು ಅಂತ ಯಾರೇ ಕೇಳಲಿ, 'ಭಾಳ ಚೆನ್ನಾಗಿತ್ತು, ಎಲ್ರೂ ಒಂದ್ಸಲ ನೋಡಬೇಕು' ಅಂತ ಅಂದು ಬಾಯಿ ಮುಚ್ಚಬೇಕು. ಆಗಲಿ ಅವ್ವ ಅಂದ ಓಬಳೇಶ. ಬಾಯಿಪಾಠ ಮಾಡಿಕೊಂಡ.

ಎರಡನೇ ವಾರ ಎಣ್ಣೆ ಗಾಣದ ಕೊಟ್ರಪ್ಪಜ್ಜ ತೀರಿಕೊಂಡ. ತುಂಬಿದ ಮನೆ, ತೊಂಬತ್ತು ದಾಟಿದ ಜೀವ. ತಿಪ್ಪಮ್ಮ ಕೈಗೆ ಆಳಾಗಲಿ ಅಂತ ಮಗನನ್ನು ಕಳಿಸಿದಳು. ಓಬಳೇಶ ಗುಂಡಿ ತೋಡಿದ, ಹೆಗಲು ಕೊಟ್ಟ, ನೀರು ಹೊತ್ತ. ಒಂದು ಕೆಲಸದಲ್ಲೂ ಕೈ ಹಿಂದೆ ತೆಗೆಯಲಿಲ್ಲ. ಎಲ್ಲ ಮುಗಿದ ಮೇಲೆ ಅಜ್ಜನ ತಮ್ಮ ದೂರದೂರಿನಿಂದ ಓಡಿ ಬಂದ. ಅಣ್ಣನ ಮುಖ ನೋಡಲು ಸಿಗಲಿಲ್ಲವಲ್ಲ ಅಂತ ಎದೆ ಬಡಿದುಕೊಂಡು ಅತ್ತ. ಬಾಗಿಲಲ್ಲಿ ನಿಂತಿದ್ದ ಓಬಳೇಶನ ಭುಜ ಹಿಡಿದು, ಮಣ್ಣು ಮಾಡಿದ್ದು ಹೆಂಗಾಯ್ತಪ್ಪ ಅಂತ ಕೇಳಿದ.

"ಭಾಳ ಚೆನ್ನಾಗಿತ್ತು. ಎಲ್ರೂ ಒಂದ್ಸಲ ನೋಡಬೇಕು," ಅಂದ ಓಬಳೇಶ, ಬಾಯಿ ಮುಚ್ಚಿದ.

ಆ ಮನೆಯವರು ಅವನನ್ನು ಕೆರೆ ಏರಿ ತನಕ ಅಟ್ಟಿಸಿಕೊಂಡು ಹೋದರು. ತಿಪ್ಪಮ್ಮ ಹೋಗಿ ಕೈಮುಗಿದು, ಕಾಲು ಹಿಡಿದು ಬಂದಳು. ಬಂದವಳು ಮಗನ ಬೆನ್ನಿಗೆ ಎರಡು ಬಿಟ್ಟಳು. ನಿನಗೆ ತೋಚಿದ್ದನ್ನು ಅನ್ನಬ್ಯಾಡ, ಬೇರೆಯವರು ಏನನ್ನುತ್ತಾರೆ ಅಂತ ಮೊದಲು ಕೇಳಿಸಿಕೋ, ಅವರು ಅಂದ ಹಾಗೇ ಅನ್ನು ಅಂದಳು. ಆಗಲಿ ಅವ್ವ ಅಂದ ಓಬಳೇಶ.

ಮೂರನೇ ವಾರ ದೊಡ್ಡ ಹೀರೋ ಪಿಚ್ಚರ್ ಬಂತು. ಟಾಕೀಸಿನ ಮುಂದೆ ಕಟೌಟು, ಕಟೌಟಿಗೆ ಹೂವಿನ ಹಾರ, ಹಾರದ ಕೆಳಗೆ ಅಭಿಮಾನಿ ಸಂಘದ ಸೀನ ಮತ್ತು ಅವನ ಹುಡುಗರು. ಓಬಳೇಶ ಪಿಚ್ಚರ್ ನೋಡಿ, ಬಾಗಿಲ ಪಕ್ಕ ನಿಂತು, ಹೊರಗೆ ಬರುವವರ ಮಾತನ್ನೆಲ್ಲ ಕಿವಿಗೆ ತುಂಬಿಕೊಂಡ. ಮುಂದಿನ ಆಟಕ್ಕೆ ನಿಂತಿದ್ದ ಸೀನ, ನಮ್ಮ ಬಾಸು ಹೆಂಗೆ ಮಾಡವರೆ ಅಂತ ಕೇಳಿದ. ಓಬಳೇಶ ಒಬ್ಬೊಬ್ಬರ ಧ್ವನಿಯಲ್ಲೇ ಒಪ್ಪಿಸಿದ.

"ಸೂಪರ್ ಕಣಲೇ. ಥೂ, ಮೂರು ತಾಸು ದಂಡ. ಪಾಪ, ಆ ವಯಸ್ಸಿಗೆ ಕುದುರೆ ಹತ್ತಾಕೆ ಆಗ್ತದೇನ್ರಿ, ಮನೇಲಿ ಇರಬಾರದಾ. ನನ್ ಚಪ್ಲಿ ಯಾವೋನು ಹಾಕ್ಕಂಡು ಹೋದ. ಮಗು ಒದ್ದೆ ಮಾಡ್ಕಂಡೈತೆ, ಬಿರ್ರನೆ ನಡಿಯೇ."

ಹುಡುಗರು ಮೊದಲನೇ ಮಾತಿಗೆ ಶಿಳ್ಳೆ ಹಾಕಿದ್ದರು. ಮೂರನೇ ಮಾತಿಗೆ ಬರುವಷ್ಟರಲ್ಲಿ ಓಬಳೇಶನ ಕಾಲರು ಅವರ ಕೈಯಲ್ಲಿತ್ತು. ಆದರೂ ಅವನು ಐದೂ ಮಾತು ಮುಗಿಸಿಯೇ ಬಿದ್ದ. ಅಷ್ಟು ನಿಯತ್ತು ಅವನದು.

ಹರಿದ ಅಂಗಿಯಲ್ಲಿ ಬಂದು ನಿಂತ ಮಗನನ್ನು ನೋಡಿ ತಿಪ್ಪಮ್ಮ ಈ ಸಲ ಬೈಯಲಿಲ್ಲ, ಹೊಡೆಯಲಿಲ್ಲ. ಬಾಣಲೆ ಇಳಿಸಿ, ಒಲೆ ಮುಂದೆ ಕೂತು ಅತ್ತುಬಿಟ್ಟಳು. ಹೆಣ್ಣು ನೋಡುವ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಅತ್ತು ಮುಗಿದ ಮೇಲೆ ಸೆರಗು ಕಟ್ಟಿ, ಮಗನನ್ನು ಎದುರಿಗೆ ಕೂರಿಸಿಕೊಂಡು, ಇಷ್ಟು ವರ್ಷ ಬಾಣಲೆಯ ಮುಂದೆ ಕೇಳಿಸಿಕೊಂಡಿದ್ದನ್ನೆಲ್ಲ ಸೋಸಿ ಕಡೆಯ ಬುದ್ಧಿ ಹೇಳಿದಳು.

"ಯಾರ ಮಾತೂ ಬ್ಯಾಡ ಮಗನೆ, ನಿಂಗೇನನ್ಸುತ್ತೋ ಅದನ್ನೇ ಹೇಳು. ಒಂದು ಒಳ್ಳೇದು ಹೇಳು, ಒಂದು ಸಣ್ಣ ತಪ್ಪು ಹೇಳು. ಕತೆ ಒಂಚೂರು ಹೇಳು. ಆದ್ರೆ ಕೊನೆ ಮಾತ್ರ ಹೇಳಬ್ಯಾಡ. ಯಾರು ಕಾಲಿಗೆ ಬಿದ್ರೂ ಹೇಳಬ್ಯಾಡ. ಕೊನೆ ಹೇಳಿದೋನ್ನ ಯಾರೂ ಮನೆ ಒಳಕ್ಕೆ ಸೇರಿಸಲ್ಲ."

ಆಗಲಿ ಅವ್ವ ಅಂದ ಓಬಳೇಶ.

ಆ ದಿನ ಬಂತು. ಪಾಲಯ್ಯನ ಮನೆ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು, ಹಿರಿಯರು ಸುತ್ತ ಕೂತಿದ್ದರು. ಮಾರಕ್ಕ ಚಹಾ ತಂದು ಕೊಟ್ಟಳು. ಓಬಳೇಶ ಅವಳನ್ನು ನೋಡಿದ. ನೋಡಿದವನು ಲೋಟ ಹಿಡಿಯುವುದನ್ನೇ ಮರೆತ. ಹುಟ್ಟಿದಾಗಿನಿಂದ ಅವನಿಗೆ ಇಷ್ಟು ಹಿಡಿಸಿದ್ದು ಇನ್ನೊಂದಿಲ್ಲ. ಅವಳು ಬಾಗಿಲ ಹಿಂದಕ್ಕೆ ಸರಿದ ಮೇಲೂ ಅವನು ಬಾಗಿಲನ್ನೇ ನೋಡುತ್ತಾ ಕೂತಿದ್ದ.

ಪಾಲಯ್ಯ ಗಂಟಲು ಸರಿಮಾಡಿಕೊಂಡು ಕೇಳಿಯೇಬಿಟ್ಟ. ಓಬಳೇಶ ಹಿಂದಿನ ದಿನ ನೋಡಿದ ಲಾರಿ ಡ್ರೈವರನ ಪಿಚ್ಚರ್ ಹೇಳತೊಡಗಿದ. ಲಾರಿ ಚೆನ್ನಾಗಿತ್ತು, ತೊಳೆದು ತಂದಿದ್ದರು ಅಂದ, ಇದು ಒಳ್ಳೇದು. ಮಳೆಯಲ್ಲಿ ಹಾಡು ಹಾಡುತ್ತಾ ಕುಣಿದರು, ಲಾರಿ ತುಂಬ ಸಿಮೆಂಟು ಇತ್ತು, ಒಬ್ಬರಾದರೂ ಟಾರ್ಪಾಲು ಹೊದಿಸಬಾರದೇ ಅಂದ, ಇದು ತಪ್ಪು. ಪಾಲಯ್ಯ ತಲೆದೂಗಿದ. ಇಷ್ಟು ಪಿಚ್ಚರ್ ನೋಡಿದ್ದರೂ ಸಿಮೆಂಟಿನ ಯೋಚನೆ ಅವನಿಗೂ ಬಂದಿರಲಿಲ್ಲ. ಆಮೇಲೆ ಕತೆ. ಘಾಟಿ ಇಳಿಯುವಾಗ ಬ್ರೇಕು ಹೋಯಿತು. ಕೆಳಗೆ ರಸ್ತೆ ನಡುವೆ ಡ್ರೈವರನ ತಾಯಿಯೇ ಹೂವಿನ ಬುಟ್ಟಿ ಹೊತ್ತು ನಿಂತಿದ್ದಾಳೆ, ಅವಳಿಗೆ ಕಿವಿ ಕೇಳಿಸದು. ಅಷ್ಟು ಹೇಳಿ ಓಬಳೇಶ ನಿಲ್ಲಿಸಿದ. ಪಾಲಯ್ಯ ಚಾಪೆಯ ತುದಿಗೆ ಬಂದು, ಆಮೇಲೆ, ಆಮೇಲೆ ಅಂದ.

"ಕೊನೆ ಹೇಳಬಾರದು," ಅಂದ ಓಬಳೇಶ.

ಪಾಲಯ್ಯ ತೊಡೆ ತಟ್ಟಿದ. ಹಿಂದೆ ಬಂದ ಮೂವರೂ ತಾನಿನ್ನೂ ನೋಡದ ಪಿಚ್ಚರಿನ ಕೊನೆ ಹೇಳಿ ಹೊಟ್ಟೆ ಉರಿಸಿದ್ದರಂತೆ. ಇವನು ಬುದ್ಧಿವಂತ, ಇಂಥ ಅಳಿಯ ಎಲ್ಲಿ ಸಿಗುತ್ತಾನೆ ಅಂದ. ತಿಪ್ಪಮ್ಮನಿಗೆ ಕಣ್ಣು ತುಂಬಿ ಬಂತು. ಮಗನನ್ನು ಬುದ್ಧಿವಂತ ಅಂದವನನ್ನು ಅವಳು ಅದೇ ಮೊದಲು ನೋಡಿದ್ದು.

ಇನ್ನು ಉಳಿದಿದ್ದು ಒಂದೇ ಮಾತು. ಹಿರಿಯರ ಎದುರಿಗೆ ಪಾಲಯ್ಯ ಪದ್ಧತಿ ಪ್ರಕಾರ ಕೇಳಿದ, ಹುಡುಗಿ ಒಪ್ಪಿಗೆಯೇನಪ್ಪ?

ಓಬಳೇಶ ಬಾಯಿ ತೆರೆದ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಅವನು ಲೆಕ್ಕ ಹಾಕಿದ್ದು ಹೀಗೆ: ಬೆಳಗ್ಗೆ ಬಸ್ಸು ಹತ್ತಿದ್ದಾಯಿತು, ಚಾಪೆ ಮೇಲೆ ಕೂತಿದ್ದಾಯಿತು, ಹುಡುಗಿ ನೋಡಿದ್ದಾಯಿತು, ಮಾತಾಡಿದ್ದಾಯಿತು. ಹೂಂ ಅಂದರೆ ಎಲ್ಲ ಮುಗಿಯಿತು. ಹಾಗಾದರೆ ಇದೇ ಕೊನೆ. ಕಾಲಿಗೆ ಬಿದ್ದರೂ ಹೇಳಬಾರದು.

ಎಲ್ಲರೂ ಕಾದರು. ತಿಪ್ಪಮ್ಮ ತೊಡೆ ಚಿವುಟಿದಳು. ಓಬಳೇಶನ ಕಣ್ಣಲ್ಲಿ ನೀರು ಬಂತು, ಬಾಯಿಂದ ಮಾತು ಬರಲಿಲ್ಲ. ಪಾಲಯ್ಯನ ಮುಖ ಕಪ್ಪಿಟ್ಟಿತು. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಅನ್ನಲಿ, ಹಿರಿಯರ ಮುಂದೆ ಹೀಗೆ ಅವಮಾನ ಮಾಡಬಾರದು ಅಂತ ಎದ್ದು ನಿಂತ. ಹಿರಿಯರೂ ಎದ್ದರು. ತಿಪ್ಪಮ್ಮ ಕೈ ಮುಗಿದು ಮಗನ ಮುಂದೆಯೇ ಕೂತಳು.

"ಹೇಳೋ, ನಿನ್ ದಮ್ಮಯ್ಯ."

"ನೀನೇ ಅಲ್ವೇನವ್ವ ಹೇಳಬ್ಯಾಡ ಅಂದಿದ್ದು? ಕೊನೆ ನಾನು ಹೇಳಲ್ಲ."

ಬಾಗಿಲ ಹಿಂದಿನಿಂದ ಮಾರಕ್ಕ ಹೊರಗೆ ಬಂದಳು. ಅವಳು ಅಲ್ಲಿಂದಲೇ ಓಬಳೇಶನ ಮುಖ ನೋಡುತ್ತಿದ್ದಳು. ಅವನ ಕಿವಿ ಕೆಂಪಾಗಿತ್ತು, ಕಣ್ಣು ಅವಳಿದ್ದ ಬಾಗಿಲನ್ನು ಬಿಟ್ಟು ಕದಲಿರಲಿಲ್ಲ.

"ಅಪ್ಪಾ, ಅವ್ರನ್ನ ಯಾಕೆ ಹಿಂಸೆ ಮಾಡ್ತೀಯ? ಹೇಳೋದು ಬ್ಯಾಡ ಬಿಡು. ಕೊನೇನ ನಾನೇ ಜೊತೆಗಿದ್ದು ನೋಡ್ತೀನಿ."

ಪಾಲಯ್ಯ ಮಗಳ ಮುಖ ನೋಡಿದ, ಅಳಿಯನ ಮುಖ ನೋಡಿದ, ಬಿದ್ದು ಬಿದ್ದು ನಕ್ಕ. ಅಲ್ಲೇ ದಿನ ಗೊತ್ತು ಮಾಡಿದರು.

ಮದುವೆಗೆ ಊರಿಗೆ ಊರೇ ಬಂತು. ತಿಪ್ಪಮ್ಮ ಈ ಸಲ ಮಗನಿಗೆ ಯಾವ ಬುದ್ಧಿಯನ್ನೂ ಹೇಳಲಿಲ್ಲ. ಹೇಳದಿದ್ದರೆ ಕೆಡುವುದೂ ಇಲ್ಲ ಅಂದುಕೊಂಡಳು, ಪಾಪ. ಹೊಸದು ಹೇಳದಿದ್ದರೆ ಹಳೆಯದೇ ನಡೆಯುತ್ತಿರುತ್ತದೆ ಅಂತ ಅವಳಿಗೆ ಹೊಳೆಯಲಿಲ್ಲ. ಗಂಡು ಹೆಣ್ಣಿನ ನಡುವೆ ಹಿಡಿದಿದ್ದ ಬಿಳಿ ಅಂತರಪಟ ಸರಿಸಿದ್ದಾಯಿತು, ಜೀರಿಗೆ ಬೆಲ್ಲ ಹಾಕಿದ್ದಾಯಿತು. ತಾಳಿ ಕಟ್ಟುವುದನ್ನು ಕಣ್ಣಾರೆ ನೋಡಬೇಕು ಅಂತ ತಿಪ್ಪಮ್ಮ ಜನರನ್ನು ತಳ್ಳಿಕೊಂಡು ಎಲ್ಲರಿಗಿಂತ ಮುಂದೆ ಬಂದು ನಿಂತಳು. ಓಬಳೇಶ ಒಂದು ಗಂಟು ಹಾಕಿದ. ಎರಡನೇ ಗಂಟು ಹಾಕಿದ. ಅಷ್ಟರಲ್ಲಿ ಐನೋರು, ಇನ್ನೊಂದು ಹಾಕಿಬಿಡಪ್ಪ, ಅದೇ ಕೊನೇದು ಅಂದರು.

ಓಬಳೇಶನ ಕೈ ನಿಂತಿತು. ತಲೆಯೆತ್ತಿ ನೋಡಿದ. ಎದುರಿಗೆ ಇಡೀ ಊರು ಕಣ್ಣು ಬಿಟ್ಟುಕೊಂಡು ನೋಡುತ್ತಿದೆ.

"ಅಂತರಪಟ ಹಿಡೀರಿ," ಅಂದ.

ಇವರ ಮನೆತನದ ಪದ್ಧತಿ ಇರಬೇಕು ಅಂತ ಇಬ್ಬರು ಆ ಬಟ್ಟೆಯನ್ನು ಬಿಡಿಸಿ ಜನರಿಗೆ ಅಡ್ಡವಾಗಿ ಹಿಡಿದರು. ಗಟ್ಟಿಮೇಳ ಮೊಳಗಿತು. ಜನ ಅಕ್ಷತೆಯನ್ನು ಬಟ್ಟೆಗೇ ಎರಚಿದರು. ಇಪ್ಪತ್ತೇಳು ವರ್ಷ ಈ ಗಳಿಗೆಗೆ ಕಾದಿದ್ದ ತಿಪ್ಪಮ್ಮನಿಗೆ ಕಂಡಿದ್ದು ಬರೀ ಬಿಳಿ ಬಟ್ಟೆ. ಅದರ ಹಿಂದಿನಿಂದ ಮಾರಕ್ಕ ನಗುವುದು ಮಾತ್ರ ಕೇಳಿಸಿತು.

ಮೇಳ ನಿಂತಿತು. ಹಿಡಿದಿದ್ದವರು ಬಟ್ಟೆ ಎಳೆದರು. ಬಟ್ಟೆಯ ಜೊತೆಗೆ ಮಾರಕ್ಕನೂ ಬಂದಳು. ಆತುರದಲ್ಲಿ ಓಬಳೇಶ ಅಂತರಪಟದ ತುದಿಯನ್ನೂ ಸೇರಿಸಿ ಮೂರನೇ ಗಂಟು ಬಿಗಿದಿದ್ದ. ಬಿಚ್ಚಿ ಮತ್ತೆ ಹಾಕಲಿ ಅಂದರೆ, ಹಾಕಿದ ತಾಳಿ ಗಂಟು ಬಿಚ್ಚುವುದುಂಟೇ ಅಂತ ಹೆಂಗಸರೆಲ್ಲ ಗದರಿಕೊಂಡರು. ಕೊನೆಗೆ ಹೂವಿನವಳ ಹತ್ತಿರ ಕತ್ತರಿ ಇಸಕೊಂಡು ತಿಪ್ಪಮ್ಮನೇ ಮಂಟಪ ಹತ್ತಿದಳು. ಗೊತ್ತಿದ್ದ ಬೈಗುಳವನ್ನೆಲ್ಲ ಮಗನಿಗೆ ಬೈಯುತ್ತಾ ಬಟ್ಟೆ ಕತ್ತರಿಸಿದಳು. ಕಣ್ಣೆಲ್ಲ ಸೊಸೆಯ ಮುಖದ ಮೇಲೇ ಇತ್ತು, ಕತ್ತರಿಸಿದ್ದು ಸೊಟ್ಟಗಾಯಿತು.

ಆ ಬಿಳಿ ಬಟ್ಟೆಯ ಚೂರು ಇವತ್ತಿಗೂ ಮಾರಕ್ಕನ ತಾಳಿ ದಾರದಲ್ಲಿದೆ. ಮೆಣಸಿನಕಾಯಿ ತಿನ್ನಲು ಬಂದ ಹೊಸಬರು ಅದೇನು ಅಂತ ಕೇಳುತ್ತಾರೆ. ಮಾರಕ್ಕ ಬಾಣಲೆಯಲ್ಲಿ ಜಾರೆ ಆಡಿಸುತ್ತಾ ಎಲ್ಲ ಹೇಳುತ್ತಾಳೆ. ಎರಡನೇ ಗಂಟಿನ ತನಕ ಹೇಳಿ, ಸುಮ್ಮನಾಗುತ್ತಾಳೆ.