ಉದ್ದದ ಉತ್ತರ

"ಮೆಡಿಕಲ್ ಕಾಲೇಜಿಗೆ ಇದೇ ದಾರಿ ಅಲ್ವೇನಪ್ಪಾ?" ಎಂದು ಶಿಷ್ಯೆ ಕಾರು ನಿಲ್ಲಿಸಿ ಕೇಳಿದಳು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ಹೌದೆಂದ. ಹಿಂದಿನ ಊರಿನಲ್ಲಿ ಇದಕ್ಕೆ ತೀರಾ ವಿರುದ್ಧ ದಿಕ್ಕಿನ ದಾರಿಗೂ ಒಬ್ಬ ಹೌದೆಂದಿದ್ದ. ಪಕ್ಕದಲ್ಲಿ ಕುಳಿತಿದ್ದ ಗುರು ಕಿಟಕಿಯ ಗಾಜು ಇಳಿಸಿ, ಈ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಅವನನ್ನೇ ಕೇಳಿದರು. ಕಲ್ಲು ಕ್ವಾರಿಗೆ ಎಂದ.

ಶಿಷ್ಯೆಗೆ ಮಕ್ಕಳ ವೈದ್ಯಕೀಯ ಕಲಿಸಿದ ಹಿರಿಯ ಡಾಕ್ಟರು ಅವರು. ಉತ್ತರವನ್ನು ನೀನೇ ಬಾಯಿಗೆ ಇಟ್ಟರೆ ಪಾಪ ಅವನಾದರೂ ಏನು ಮಾಡಿಯಾನು ಎಂದು ನಕ್ಕರು. ಶಿಷ್ಯೆಗೆ ನಗು ಬರಲಿಲ್ಲ. ಕಾರು ತಿರುಗಿಸುತ್ತ, ಬೆಳಗಿನಿಂದ ಕೊರೆಯುತ್ತಿದ್ದುದನ್ನು ಕೇಳಿದಳು.

"ಮೇಡಂ, ನಮ್ಮ ಪರೀಕ್ಷೆಯ ಒಂದು ಪ್ರಶ್ನೆಗೆ, ದಿನವಿಡೀ ವಾರ್ಡಿನಲ್ಲಿ ದುಡಿಯುವ ಹುಡುಗರೆಲ್ಲ ತಪ್ಪು ಉತ್ತರ ಕೊಟ್ಟಿದ್ದಾರೆ. ವಾರ್ಡಿನ ಮುಖ ನೋಡದವರದು ಸರಿಯಾಗಿದೆ. ಆ ಒಂದು ಅಂಕದಿಂದ ಒಬ್ಬ ಹುಡುಗಿ ಫೇಲಾಗುತ್ತಾಳೆ. ಪ್ರಶ್ನೆ ಕಠಿಣ, ಇರಲಿ ಅನ್ನುತ್ತಾರೆ ದೊಡ್ಡವರು. ಇವತ್ತು ಈ ಪರವೂರ ಕಾಲೇಜಿನಲ್ಲಿ ಪರೀಕ್ಷಕರ ಸಭೆ, ಫಲಿತಾಂಶಕ್ಕೆ ನಾನೂ ಸಹಿ ಹಾಕಬೇಕು. ಒಂದು ಅಂಕಕ್ಕೆ ಜಗಳವಾಡಬೇಕೇ?"

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಿದ್ದ: ಮಗುವಿಗೆ ವಾಂತಿ, ಭೇದಿ, ಏನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರ. ಮೂರು ಗಿಡ್ಡ. ನಾಲ್ಕನೆಯದು ಮಾತ್ರ ಉದ್ದ: ಅಡ್ಮಿಟ್ ಮಾಡಿಕೊಂಡು, ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡಿಸಿ, ಕಾದು ನೋಡುವುದು. ಪರೀಕ್ಷಕನ ಲೆಕ್ಕದಲ್ಲಿ ಅದೇ ಸರಿ. ಓದದವರಿಗೆ ಅವನ ಕೈಗುಣ ಗೊತ್ತಿತ್ತು. ಉದ್ದ ಇರೋದಕ್ಕೆ ಟಿಕ್ ಹಾಕು, ಮಿಕ್ಕಿದ್ದು ದೇವರು ನೋಡಿಕೊಳ್ತಾನೆ ಎಂದು ಹಾಸ್ಟೆಲಿನಲ್ಲಿ ಹಿರಿಯರು ಕಿರಿಯರಿಗೆ ಉಪದೇಶಿಸುತ್ತಿದ್ದರು.

ಒಬ್ಬ ವಿದ್ಯಾರ್ಥಿನಿ ಮಾತ್ರ ಅಲ್ಲಿ ತಡೆದು ನಿಂತಳು. ಮಗು ನೀರು ಕುಡಿಯುತ್ತಿದೆಯೋ ಇಲ್ಲವೋ ಪ್ರಶ್ನೆ ಹೇಳಿರಲಿಲ್ಲ. ಕುಡಿಯುವ ಮಗುವಿಗೆ ಓಆರ್‌ಎಸ್ ಕುಡಿಸಿದರಾಯಿತು, ಸೂಜಿ ಯಾಕೆ? ಅವಳು ಓಆರ್‌ಎಸ್ ಕುಡಿಸುವುದು ಎಂಬ ಗಿಡ್ಡ ಉತ್ತರಕ್ಕೆ ಟಿಕ್ ಹಾಕಿದಳು. ಒಂದು ಅಂಕದಿಂದ ಫೇಲಾದಳು.

ಅವಳು ಪರೀಕ್ಷಕನ ಕೋಣೆಗೇ ಹೋಗಿ, ಪ್ರಶ್ನೆಯಲ್ಲಿ ಅರ್ಧ ಮಗು ಮಾತ್ರ ಇದೆ ಎಂದು ಹೇಳಿದಳು. ಅವನು ಕುರ್ಚಿಗೆ ಒರಗಿದ.

"ಇಪ್ಪತ್ತು ವರ್ಷದಿಂದ ಇದೇ ಪ್ರಶ್ನೆ ಕೇಳ್ತಿದ್ದೀನಿ. ನಿನ್ನಷ್ಟು ಬುದ್ಧಿವಂತರು ಯಾರೂ ಬಂದಿರಲಿಲ್ಲ ನೋಡಮ್ಮ."

"ಹಾಗಾದರೆ ಇಪ್ಪತ್ತು ವರ್ಷದಿಂದ ಫೇಲಾಗ್ತಿರೋದು ಪ್ರಶ್ನೆ, ಸರ್."

ಪ್ರಶ್ನೆಯನ್ನು ಫೇಲು ಮಾಡುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಹೆಣವನ್ನೂ ಕೊಯ್ದು ನೋಡುವ ಜನ, ಪ್ರಶ್ನೆಯನ್ನು ಮುಟ್ಟಿ ನೋಡಲಿಲ್ಲ. ಸಭೆ ಕೂತಿತು, ಬೋಂಡ ತಿಂದಿತು, ಸಹಿ ಹಾಕಿತು. ತಪ್ಪು ಗೊತ್ತಿದ್ದವರೂ ಹಾಕಿದರು. ಒಂದು ಅಂಕಕ್ಕೆ ಯಾರು ಜಗಳವಾಡುತ್ತಾರೆ? ಹುಡುಗಿ ಆರು ತಿಂಗಳು ಮನೆಯಲ್ಲಿ ಕೂತಳು. ಮತ್ತೆ ಪರೀಕ್ಷೆ, ಮತ್ತೆ ಅದೇ ಪ್ರಶ್ನೆ. ಈ ಸಲ ಅವಳು ತಡೆದು ನಿಲ್ಲಲಿಲ್ಲ. ಉದ್ದದ್ದಕ್ಕೆ ಟಿಕ್ ಹಾಕಿ ಎದ್ದು ಬಂದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಉಸಿರು ಬಿಟ್ಟು, ಹೋಗಲಿ, ಅಂತೂ ಪಾಸಾಗಿ ಡಾಕ್ಟರಾದಳಲ್ಲ ಎಂದಳು.

"ಆದಳು, ಈಗ ಭೇದಿ ಹತ್ತಿದ ಮಗುವನ್ನು ಯಾರೇ ಎತ್ತಿಕೊಂಡು ಬರಲಿ, ನೀರು ಕುಡಿಯುತ್ತಾ ಎಂದು ಆ ತಾಯಿಯನ್ನು ಕೇಳುವುದಿಲ್ಲ."