ಟ್ಯಾಂಕಿನ ಮೇಲೆ ವಿಭೂತಿ

ತುಂಗಭದ್ರೆ ಬಂಡೆಗಳ ನಡುವೆ ಅವಸರವಿಲ್ಲದೆ ಹರಿಯುವ ಒಂದು ಕಡೆ, ದಡದ ಮೇಲೆ ತಗಡಿನ ಶೆಡ್ಡೊಂದಿತ್ತು. ಸುತ್ತಲಿನ ಊರಿನವರು ಅದನ್ನು ಗಾಡಿ ಮಠ ಅನ್ನುತ್ತಿದ್ದರು. ಮೊದಲು ತಮಾಷೆಗೆ ಕರೆದದ್ದು. ಆಮೇಲೆ ಅದೇ ಹೆಸರಾಗಿ ನಿಂತಿತು.

ಆ ಮಠಕ್ಕೆ ಸ್ವಾಮಿ ಅಂದರೆ ಅಂದಾನಪ್ಪ. ಕಾವಿ ಇಲ್ಲ, ಪ್ರವಚನ ಇಲ್ಲ. ಹಣೆಯ ಮೇಲೆ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ಕಂಪನಿಗಳು ಹೊಸದಾಗಿ ಮಾಡಿದ ಮೋಟರ್‌ಸೈಕಲ್ಲುಗಳನ್ನು ಜನರ ಕೈಗೆ ಕೊಡುವ ಮೊದಲು ಓಡಿಸಿ ನೋಡಿ, ಹೇಗಿದೆ ಎಂದು ಹೇಳುವುದು ಅವರ ಮೂವತ್ತು ವರ್ಷದ ಕೆಲಸ. ಶಿಷ್ಯರು ಅವರನ್ನು ಅಜ್ಜಾರು ಎಂದು ಕರೆಯುತ್ತಿದ್ದರು.

ಅಜ್ಜಾರು ಉದ್ದುದ್ದ ಬರೆಯುವವರಲ್ಲ. ಕಾಗದದ ಕೊನೆಗೆ ಒಂದೇ ಮಾತು. ಗಾಡಿ ಚೆನ್ನಾಗಿದ್ದರೆ ‘ಬಿಡಿ’. ಇಲ್ಲದಿದ್ದರೆ ‘ತಡೀರಿ’. ಆ ಒಂದು ಮಾತಿಗೆ ದೊಡ್ಡ ದೊಡ್ಡ ಕಂಪನಿಗಳು ಕಾಯುತ್ತಿದ್ದವು.

ಈಗ ಅವರ ಎಡಗೈ ಮಣಿಕಟ್ಟು ಬಿಗಿದುಕೊಂಡಿತ್ತು. ಕ್ಲಚ್ ಹಿಡಿಯಲು ಆಗುತ್ತಿರಲಿಲ್ಲ. ಒಂದು ದಿನ ಹಿರಿಯ ಶಿಷ್ಯ ಹುಲಿಗೇಶನನ್ನು ಕರೆದು, ಈ ಸಲದ ಮಾತು ನೀನು ಬರೆ ಅಂದರು. ಅದು ಸರಿಯಾಗಿ ಬಂದರೆ ಮುಂದೆ ಬರೆಯುವುದೆಲ್ಲ ನಿನ್ನದೇ, ಬರದಿದ್ದರೆ ಇನ್ನೂ ಕೆಲವು ವರ್ಷ ಕಲಿ ಅಂದರು.

ಹುಲಿಗೇಶನಿಗೆ ಆ ದಿನ ಊಟ ಸೇರಲಿಲ್ಲ. ಎಂಟು ವರ್ಷ ಅವನು ಕಾದದ್ದು ಅದಕ್ಕೇ.

ಬಂದ ಗಾಡಿಯ ಹೆಸರು ಬೈರಿ. ಅತಿ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ಕಲ್ಲು, ಮರಳು, ಬೆಟ್ಟ, ದೂರದ ದಾರಿ ಎಲ್ಲಕ್ಕೂ ಆಗಬೇಕೆಂದು ಮಾಡಿದ ಮಧ್ಯಮ ಗಾತ್ರದ ಗಾಡಿ. ಎರಡು ವರ್ಷದ ಹಿಂದೆ ಇದರ ಹಳೆಯ ರೂಪ ಇದೇ ಶೆಡ್ಡಿಗೆ ಬಂದಿತ್ತು. ಆಗ ಹುಲಿಗೇಶ ಅದನ್ನು ಓಡಿಸಿ, ಇದು ಗಬ್ಬದ ಎಮ್ಮೆ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ್ದ. ಕಂಪನಿಯ ಎಂಜಿನಿಯರ್ ವಸುಧಾ ಮೇಡಂ ಬೇಜಾರು ಮಾಡಿಕೊಳ್ಳದೆ ಎಲ್ಲವನ್ನೂ ಬರೆದುಕೊಂಡು ಹೋಗಿದ್ದರು.

ಅವರು ಅದನ್ನು ಬುಡದಿಂದ ಹೊಸದಾಗಿ ಮಾಡಿ ಕಳಿಸಿದ್ದರು. ಭಾರ ಇಳಿದಿತ್ತು. ಸೀಟು ತಗ್ಗಿತ್ತು. ಸೈಲೆನ್ಸರ್ ಮೇಲಕ್ಕೇರಿ ಮೈಗೆ ಅಂಟಿಕೊಂಡಿತ್ತು, ಅದಕ್ಕೆ ಜಾಗ ಬಿಡಲು ಟ್ಯಾಂಕಿನ ಬಲಗಡೆಯನ್ನು ಕೊಂಚ ಒಳಕ್ಕೆ ತೆಗೆದಿದ್ದರು. ಹುಲಿಗೇಶ ಅದರ ಸುತ್ತ ಎರಡು ಸುತ್ತು ಬಂದ. ತನ್ನ ಮಾತೇ ಕಬ್ಬಿಣವಾಗಿ ಎದುರಿಗೆ ನಿಂತಿದೆ ಅನಿಸಿತು ಅವನಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು. ಇದಂತೂ ಹೆಗ್ಗಣವೂ ಅಲ್ಲ, ನಿಜವಾಗಿ ಚೆಂದದ ಗಾಡಿ.

ಅಜ್ಜಾರು ಟ್ಯಾಂಕಿನ ಎರಡೂ ಪಕ್ಕಕ್ಕೆ, ಸವಾರನ ಮೊಣಕಾಲು ಬರುವಲ್ಲಿ, ನೀರಲ್ಲಿ ಕಲಸಿದ ವಿಭೂತಿಯಿಂದ ಮೂರು ಮೂರು ಗೆರೆ ಎಳೆದರು.

ಹುಲಿಗೇಶ ಪೂಜೆಯೆಂದು ತಿಳಿದು ಕೈಮುಗಿದ.

ಮೊದಲ ದಿನ ಕಾಲುವೆಯ ಏರಿಯ ಮೇಲೆ ಓಡಿಸಿದ. ಇನ್ನೂ ಬಿಸಿಲು ಏರಿರಲಿಲ್ಲ. ಗದ್ದೆಗಳ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಎಂಜಿನ್ನಿನ ಸದ್ದು ಎಷ್ಟು ಮೆತ್ತಗಿತ್ತೆಂದರೆ ಬೆಳ್ಳಕ್ಕಿಗಳು ಹಾರದೆ ಕತ್ತು ತಿರುಗಿಸಿ ನೋಡಿದವಷ್ಟೆ. ಎಷ್ಟು ದೂರ ಹೋದನೋ, ಯಾವಾಗ ತಿರುಗಿದನೋ ಅವನಿಗೆ ನೆನಪಿಲ್ಲ. ಶೆಡ್ಡಿಗೆ ಬಂದಾಗ ಮಧ್ಯಾಹ್ನವಾಗಿತ್ತು.

ಎರಡನೆಯ ಬೆಳಿಗ್ಗೆ ಅಜ್ಜಾರು ಎಡಗಡೆ ಮಾತ್ರ ಮತ್ತೆ ವಿಭೂತಿ ಬಳಿದರು. ವಯಸ್ಸಾದ ಮೇಲೆ ಭಕ್ತಿ ಹೆಚ್ಚುತ್ತದೆ ಎಂದುಕೊಂಡ ಹುಲಿಗೇಶ. ಎಡಗಡೆ ಮಾತ್ರ ಯಾಕೆ ಎಂದು ಕೇಳಲಿಲ್ಲ.

ಆ ದಿನ ಬಂಡೆಗಳ ಬೆಟ್ಟ. ಕಲ್ಲಿಂದ ಕಲ್ಲಿಗೆ ಚಕ್ರ ಹತ್ತಿ ಇಳಿಯುತ್ತಿತ್ತು. ಗಾಳಿ ಬೀಸುತ್ತಿತ್ತು. ಕೆಳಗೆ ಹೊಳೆ ಬೆಳ್ಳಗೆ ಹೊಳೆಯುತ್ತ ಮಲಗಿತ್ತು. ಮೇಲೆ ನಿಂತು ನೋಡಿದರೆ ತಾನು ಹತ್ತಿ ಬಂದ ದಾರಿಯೇ ಕಾಣಲಿಲ್ಲ ಅವನಿಗೆ. ದಾರಿಯಿಲ್ಲದೆ ಇಲ್ಲಿಗೆ ಹೇಗೆ ಬಂದೆ ಎಂದು ನಗು ಬಂತು, ಸುಖವೂ ಆಯಿತು.

ಮೂರನೆಯ ಬೆಳಿಗ್ಗೆಯೂ ಎಡಗಡೆಗೆ ವಿಭೂತಿ ಬಿತ್ತು. ಆ ದಿನ ಹೊಳೆಯ ಮರಳು. ಮರಳಿನಲ್ಲಿ ಗಾಡಿ ತೇಲುತ್ತ ಹೋಯಿತು. ತಾನು ಓಡಿಸುತ್ತಿದ್ದೇನೆಯೋ, ಎಲ್ಲೋ ಮರದ ಕೆಳಗೆ ಮಲಗಿ ಕನಸು ಕಾಣುತ್ತಿದ್ದೇನೆಯೋ ಎಂದು ಹುಲಿಗೇಶನಿಗೆ ಒಂದು ಗಳಿಗೆ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಂದು ಅಜ್ಜಾರ ಮುಂದೆ ಕೂತ. ಅಜ್ಜಾರು ಅವಲಕ್ಕಿ ತಿನ್ನುತ್ತಿದ್ದರು.

“ಅಜ್ಜಾರ, ಇಂಥಾ ಗಾಡಿ ನಾ ಓಡಿಸಿಲ್ರಿ. ಓಡಸ್ತಾ ಓಡಸ್ತಾ ಗಾಡಿ ಐತಿ ಅನ್ನೋದ ಮರತು ಹೋಗ್ತೈತಿ.”

“ಮರತು ಹೋದ ಮ್ಯಾಲೆ ಮತ್ತ ಯಾವುದನ್ನ ಪರೀಕ್ಷೆ ಮಾಡಿದಿ?”

ಛೇಡಿಸುತ್ತಿದ್ದಾರೆ ಎಂದು ಹುಲಿಗೇಶ ನಕ್ಕ. ಹುಡುಕಿದರೂ ತಪ್ಪು ಸಿಗಲಿಲ್ಲ, ‘ಬಿಡಿ’ ಎಂದು ಬರೆಯುವುದೇ ಎಂದು ಹೇಳಿದ. ಮೇಡಂಗೆ ಎಷ್ಟು ಸಂತೋಷವಾಗಬಹುದು ಎಂದೂ ಸೇರಿಸಿದ.

ಅಜ್ಜಾರು ಕೈತೊಳೆದು ಎದ್ದರು. ಗಾಡಿಯ ಹತ್ತಿರ ಹೋಗಿ ನಿಂತು, ಬಾ ಎಂದು ಕಣ್ಣಲ್ಲೇ ಕರೆದರು.

“ಟ್ಯಾಂಕ್ ನೋಡು.”

ಬಲಗಡೆ ಮೂರು ಗೆರೆಗಳು ಸ್ವಲ್ಪ ಮಾಸಿದ್ದವು, ಆದರೆ ಮೂರೂ ಇದ್ದವು. ಎಡಗಡೆ ಏನೂ ಇರಲಿಲ್ಲ. ಬರೀ ಬಣ್ಣ ಹೊಳೆಯುತ್ತಿತ್ತು.

“ಈ ಕಡೀದು ಎಲ್ಲಿ ಹೋತು?”

“ಮೊಣಕಾಲಿಗೆ ತಿಕ್ಕಿ ಹೋಗೇತ್ರಿ.”

“ಬಲ ಮೊಣಕಾಲು ಮನ್ಯಾಗ ಬಿಟ್ಟು ಹೋಗಿದ್ದಿ ಏನು?”

ಹುಲಿಗೇಶ ತಲೆ ಬಗ್ಗಿಸಿ ತನ್ನ ಪ್ಯಾಂಟು ನೋಡಿಕೊಂಡ. ಎಡ ಮೊಣಕಾಲು ಬೂದಿ ಬಡಿದು ಬೆಳ್ಳಗಾಗಿತ್ತು. ಬಲಗಡೆಯದು ಹೆಚ್ಚು ಕಡಿಮೆ ಬೆಳಿಗ್ಗೆ ಹಾಕಿಕೊಂಡಾಗ ಇದ್ದಂತೆಯೇ ಇತ್ತು.

ಅವನಿಗೆ ಅರ್ಥವಾಯಿತು. ಬಲಗಡೆ ಕೊರೆದ ಟ್ಯಾಂಕಿನಲ್ಲಿ ಪೆಟ್ರೋಲಿನ ಭಾರವೆಲ್ಲ ಎಡಕ್ಕೆ ನಿಂತಿತ್ತು. ಗಾಡಿ ಮೂರು ದಿನವೂ ಎಡಕ್ಕೆ ವಾಲುತ್ತಲೇ ಇತ್ತು. ಅವನ ಎಡ ಮೊಣಕಾಲು ಮೂರು ದಿನವೂ ಅದನ್ನು ಬಲಕ್ಕೆ ತಳ್ಳುತ್ತಲೇ ಇತ್ತು. ತಳ್ಳುತ್ತಿದ್ದೇನೆ ಎಂದು ಕಾಲು ತಲೆಗೆ ಒಂದು ಮಾತೂ ಹೇಳಿರಲಿಲ್ಲ. ಎಂಟು ವರ್ಷ ಕಲಿತ ಕಾಲು ಅದು, ಹೇಳದೆಯೇ ಕೆಲಸ ಮಾಡುತ್ತಿತ್ತು.

ನಾಚಿಕೆಯಾಯಿತು ಅವನಿಗೆ. ಆದರೂ ಗಾಡಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಚೂರು ವಾಲತೈತಿ, ಹೌದ್ರಿ. ಆದ್ರ ಓಡಿಸಾಕ ಬರೋರಿಗೆ ಅದು ಗೊತ್ತ ಆಗಂಗಿಲ್ರಿ.”

ಅಜ್ಜಾರು ಶೆಡ್ಡಿನ ಹಿಂದೆ ಹೋಗಿ ಜಾಲಿಯ ಗಿಡದಿಂದ ಒಂದು ಕಡ್ಡಿ ಮುರಿದು ತಂದರು. ಅದರ ಮುಳ್ಳುಗಳು ಬೆರಳುದ್ದ ಇದ್ದವು. ಆ ಕಡ್ಡಿಯನ್ನು ಟ್ಯಾಂಕಿನ ಎಡಪಕ್ಕಕ್ಕೆ, ಮುಳ್ಳು ಹೊರಗೆ ಬರುವಂತೆ, ಸುತಳಿಯಿಂದ ಬಿಗಿಯಾಗಿ ಕಟ್ಟಿದರು. ಟ್ಯಾಂಕಿನ ತುಂಬ ಪೆಟ್ರೋಲ್ ಹಾಕಿಸಿದರು.

“ಹೊಳಿ ತನಕ ಹೋಗಿ ಬಾ. ಮೆಲ್ಲಕ ಹೋಗು.”

ಹುಲಿಗೇಶ ಹೊರಟ. ಹತ್ತು ಮಾರು ಹೋಗುವಷ್ಟರಲ್ಲಿ ಮೊಣಕಾಲು ತಾನಾಗಿ ಟ್ಯಾಂಕಿಗೆ ಹೋಯಿತು. ಮುಳ್ಳು ಚುಚ್ಚಿತು. ಕಾಲು ಅಗಲಿಸಿದ. ಮತ್ತೆ ಹೋಯಿತು, ಮತ್ತೆ ಚುಚ್ಚಿತು. ಮೂರನೆಯ ಸಲಕ್ಕೆ ಕಾಲಿಗೆ ಬುದ್ಧಿ ಬಂತು. ಮೊದಲ ದಿನ ಗಾಡಿ ಕಲಿಯುವವರು ಕೂರುವ ಹಾಗೆ ಕಾಲು ಕವಲು ಮಾಡಿಕೊಂಡು ಕೂತ.

ಲೋಕವೇ ಬೇರೆಯಾಯಿತು. ಅದೇ ಮರಳು, ಅದೇ ಹೊಳೆ, ಅದೇ ಇಳಿಬಿಸಿಲು. ಗಾಡಿ ಮಾತ್ರ ಗುರುತಿಲ್ಲದ್ದಾಗಿತ್ತು. ಸಂಜೆ ಮನೆಗೆ ಎಳೆದುಕೊಂಡು ಹೋಗುವ ಎತ್ತಿನ ಹಾಗೆ ಅದು ಎಡಕ್ಕೆ ಎಳೆಯುತ್ತಿತ್ತು. ಅವನು ತೋಳಿನಿಂದ ಎಳೆದು ಹಿಡಿದ, ಹ್ಯಾಂಡಲ್ ಅಲ್ಲಾಡಿತು. ವೇಗ ಕಡಿಮೆ ಮಾಡಿದ, ಇನ್ನೂ ಹೆಚ್ಚು ವಾಲಿತು. ನೀರಿನ ಅಂಚಿನಲ್ಲಿ ದಾರಿ ತಿರುಗುವ ಕಡೆ ಮುಂದಿನ ಚಕ್ರ ಮೆತ್ತಗೆ ಜಾರಿತು.

ಜಾರಿದ್ದು ಅವಸರವಿಲ್ಲದೆ. ಬೀಳುತ್ತಿದ್ದೇನೆ ಎಂದು ತಿಳಿದುಕೊಳ್ಳಲು ಅವನಿಗೆ ಸಾಕಷ್ಟು ಹೊತ್ತು ಸಿಕ್ಕಿತು. ಆಮೇಲೆ ಒದ್ದೆ ಮರಳಿನ ಮೇಲೆ ಅಂಗಾತ ಬಿದ್ದಿದ್ದ. ಪಕ್ಕದಲ್ಲಿ ಗಾಡಿಯೂ ಮಲಗಿತ್ತು, ಎಂಜಿನ್ ನಿಂತಿತ್ತು. ಕಿವಿಯ ಹತ್ತಿರ ನೀರು ಸಣ್ಣಗೆ ಏನೋ ಹೇಳುತ್ತಿತ್ತು. ಮೇಲೆ ಎರಡು ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು.

ಎಂಟು ವರ್ಷದಲ್ಲಿ ಈ ಮರಳಿನಲ್ಲಿ ಅವನು ಬಿದ್ದಿರಲಿಲ್ಲ.

ಇತ್ತ ಶೆಡ್ಡಿನಲ್ಲಿ ಫೋನು ಬಡಿದುಕೊಂಡಿತು. ವಸುಧಾ ಮೇಡಂ. ಗಾಡಿ ಹೊರಗೆ ಬಿಡುವ ದಿನ ನಿಗದಿಯಾಗಿದೆ, ಎಲ್ಲ ತಯಾರಿದೆ, ನಿಮ್ಮ ಒಂದು ಮಾತಿಗೆ ಕಾಯುತ್ತಿದ್ದೇವೆ ಎಂದರು. ಅಜ್ಜಾರು ದಡದ ಮೇಲಿಂದ ಕೆಳಗೆ ನೋಡಿ, ಮಾತು ಬರೆಯುವವನು ಸದ್ಯ ಹೊಳೆಯಲ್ಲಿ ಮಲಗಿದ್ದಾನೆ, ಎದ್ದು ಬರಲಿ ಎಂದು ಹೇಳಿ ಫೋನ್ ಇಟ್ಟರು.

ಹುಲಿಗೇಶ ಎದ್ದು ಬಂದ. ಗಾಡಿಯ ಮೇಲೆ ಕೂತು ಬರಲಿಲ್ಲ, ದಬ್ಬಿಕೊಂಡು ಬಂದ. ಮೊಣಕೈ ತರಚಿತ್ತು. ಮುಖದ ತುಂಬ ಮರಳು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಅದರ ಮೈಯ ಮರಳನ್ನು ಒರೆಸಿದ. ವಸುಧಾ ಮೇಡಂ ಪುಸ್ತಕ ಹಿಡಿದು ತಾನು ಹೇಳಿದ್ದನ್ನೆಲ್ಲ ಬರೆದುಕೊಂಡದ್ದು ಕಣ್ಣಿಗೆ ಕಟ್ಟಿತು. ಅವರ ಎರಡು ವರ್ಷದ ದುಡಿಮೆಗೆ ‘ತಡೀರಿ’ ಎನ್ನಬೇಕಿತ್ತು ಯಾರಾದರೂ. ಆ ಮಾತು ಬರೆಯುವ ಯೋಗ್ಯತೆ ಮಾತ್ರ ತನಗಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಅಜ್ಜಾರು ತಂಬಿಗೆಯಲ್ಲಿ ನೀರು ತಂದು ಅವನ ಮೊಣಕೈ ಮೇಲೆ ಸುರಿದರು. ಉರಿಯಿತು. ಅವನು ಹಲ್ಲು ಕಚ್ಚಿಕೊಂಡ.

“ಅಜ್ಜಾರ, ನೀವ ಬರೀರಿ. ಮೂರು ದಿನ ಗಾಡಿ ನನ್ನ ಕಾಲಿಗೆ ಹೇಳ್ತಾ ಇತ್ತು, ನನಗ ಕೇಳಸ್ಲಿಲ್ಲ. ನೀವು ತೋರಸದಿದ್ರ ನಾ ‘ಬಿಡಿ’ ಅಂತ ಬರೀತಿದ್ದೆ. ಇನ್ನೂ ಎಂಟು ವರ್ಷ ಕಲೀತೀನ್ರಿ.”

ಅಜ್ಜಾರು ಗಾಯದ ಮರಳನ್ನು ಒಂದೊಂದಾಗಿ ತೊಳೆದರು. ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಹೊಳೆಯ ಮೇಲಿನ ಬೆಳಕು ಕೆಂಪಾಗುತ್ತ ಬಂತು.

“ಬಿದ್ದ ಕೂಡ್ಲೇ ಯಾರನ್ನ ಬೈದಿ?”

ಹುಲಿಗೇಶ ನೆನಪು ಮಾಡಿಕೊಂಡ. ಮರಳಿನ ಮೇಲೆ ಮಲಗಿ ಹದ್ದು ನೋಡುತ್ತಿದ್ದಾಗ ಅವನ ಬಾಯಲ್ಲಿ ಬೈಗುಳ ಇತ್ತು. ಬ್ರೇಕ್ ಯಾಕೆ ಹಿಡಿದೆ, ಕೈ ಯಾಕೆ ಬಿಗಿ ಮಾಡಿದೆ, ಇಷ್ಟು ವರ್ಷ ಏನು ಕಲಿತೆ ದಡ್ಡಾ ಎಂದು. ಗಾಡಿ ವಾಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ತೋರಿಸಲೆಂದೇ ಅಜ್ಜಾರು ಕಳಿಸಿದ್ದು ಎಂದೂ ಗೊತ್ತಿತ್ತು. ಆದರೂ ಗಾಡಿಯನ್ನು ಅವನು ಒಂದು ಮಾತೂ ಬೈದಿರಲಿಲ್ಲ.

“ನನ್ನ ನಾನ ಬೈಕೊಂಡ್ನಿರಿ.”

ಅಜ್ಜಾರು ಕಾಗದವನ್ನು ತಂದು ಅವನ ತೊಡೆಯ ಮೇಲೆ ಇಟ್ಟರು.

“ನಾಳೆ ಇದನ್ನ ಕೊಂಡು ಬೀಳೋ ಮಂದಿನೂ ಹಂಗ ತಮ್ಮನ್ನ ತಾವ ಬೈಕೋತಾರಪಾ, ಗಾಡೀನ ಬೈಯಂಗಿಲ್ಲ. ನೀನ ಬರಿ.”